ಅಳಿಸಿದರೂ ಮರಳಿ ಬರುತ್ತಿದ್ದ ಸಾಲು

1987ರಲ್ಲಿ ನಾನು ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು. ನನ್ನ ಪಾಲಿಗಿದ್ದದ್ದು ಒಂದು ಯುನಿಕ್ಸ್ ಕಂಪ್ಯೂಟರ್ ಯಂತ್ರ, ಅದಕ್ಕೆ ಜೋಡಿಸಿದ ಕೆಲವು ಟರ್ಮಿನಲ್ ಪರದೆಗಳು ಮತ್ತು ಎಲ್ಲರ ಬೈಗುಳ.

ಯುನಿಕ್ಸಿನಲ್ಲಿ ಪ್ರತಿಯೊಬ್ಬರಿಗೂ 'ಪ್ರೊಫೈಲ್' ಎಂಬ ಸ್ವಂತ ಫೈಲು ಇರುತ್ತದೆ. ಲಾಗಿನ್ ಆದೊಡನೆ ಯಂತ್ರ ಮೊದಲು ಓದುವುದು ಅದನ್ನೇ: ಯಾವ ಟರ್ಮಿನಲ್, ಯಾವ ಪ್ರಿಂಟರ್, ಯಾವ ಡೈರೆಕ್ಟರಿ. ಹೆಸರಿನ ಮುಂದೆ ಚುಕ್ಕಿ ಇರುವುದರಿಂದ ಸಾಮಾನ್ಯ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ನಮ್ಮಲ್ಲಿ ಯಾರೂ ಅದನ್ನು ತಾವೇ ಬರೆದುಕೊಂಡವರಲ್ಲ. ನನಗಿಂತ ಮೊದಲು ಈ ಕೆಲಸ ನೋಡುತ್ತಿದ್ದ ಬಿಜಾಪುರದ ಬಸವರಾಜನ ಫೈಲನ್ನೇ ಎಲ್ಲರಿಗೂ ಕಾಪಿ ಮಾಡುವುದು ರೂಢಿ. ಅದರ ಕೊನೆಗೆ ಅವನು ಇಂಗ್ಲಿಷ್ ಅಕ್ಷರಗಳಲ್ಲಿ ಲಾಗಿನ್ ಆದವರ ಪರದೆಯ ಮೇಲೆ ಮೂಡುವ ಒಂದು ಕನ್ನಡ ಸಾಲು ಸೇರಿಸಿದ್ದ: "ಬಂದ್ಯಾ? ಕುಂದ್ರು. ನೀರು ಕುಡಿ." ಬಸ್ಸಿನಲ್ಲಿ ನೇತಾಡಿಕೊಂಡು ಬಂದವರಿಗೆ ತಕ್ಕ ಸ್ವಾಗತವೇ. ಬಸವರಾಜ ಕಾಮಾಲೆಯಿಂದ ತೀರಿಕೊಂಡ ಮೇಲೂ ದಿನಾ ಅದನ್ನು ನೋಡುತ್ತಿದ್ದೆವು. ನೋಡುತ್ತಿದ್ದೇವೆ ಎಂಬುದೇ ಮರೆತುಹೋಗಿತ್ತು.

ಅವನ ಹೆಂಡತಿ ಗಿರಿಜಾಬಾಯಿಗೆ ಅನುಕಂಪದ ಆಧಾರದ ಮೇಲೆ ನಮ್ಮಲ್ಲೇ ಡೇಟಾ ಎಂಟ್ರಿ ಕೆಲಸ ಸಿಕ್ಕಿತು. ಮೊದಲ ದಿನ ಲಾಗಿನ್ ಮಾಡಿ ಪರದೆ ನೋಡಿದವರೇ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

"ಸಾಹೇಬ್ರ, ನಳದ ನೀರು ತುಂಬಿಕೊಂಡು ಒಳಗ ಬಂದ್ರ ಅವ್ರು ನನಗ ಹಿಂಗ ಅಂತಿದ್ರು. ಅವ್ರು ಇದ್ರಾಗ ಅದಾರೇನ್ರೀ?"

ಗಿರಿಜಾಬಾಯಿಯ ಪ್ರೊಫೈಲಿನಿಂದ ಆ ಸಾಲು ಅಳಿಸಿ, "ಇನ್ನು ಬರುದಿಲ್ಲ ಅಕ್ಕ" ಎಂದು ಭರವಸೆ ಕೊಟ್ಟೆ. ಮರುದಿನ ಬೆಳಿಗ್ಗೆ ಅದು ಅಲ್ಲೇ ಇತ್ತು. ಮತ್ತೆ ಅಳಿಸಿದೆ. ಮತ್ತೆ ಬಂತು. ದೆವ್ವವನ್ನು ನಂಬುವವನು ನಾನಲ್ಲ. ಆದರೂ ಹಾಡುಹಗಲಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಆ ಹಸಿರು ಅಕ್ಷರಗಳನ್ನು ನೋಡಿ ನಾನೂ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡೆ.

ಗಿರಿಜಾಬಾಯಿ ಟರ್ಮಿನಲ್ ಹತ್ತಿರ ಸುಳಿಯಲಿಲ್ಲ. ಮ್ಯಾನೇಜರ್ ನನ್ನನ್ನು ಕರೆದು, "ಮಷೀನ್ ಪರ್ ಬೈಠೇಗೀ ನಹೀ, ತೋ ಕನ್ಫರ್ಮ್ ಕೈಸೇ ಕರೂಂ?" ಎಂದರು; ಯಂತ್ರದ ಮುಂದೆ ಕೂರದವರ ಕೆಲಸ ಖಾಯಂ ಮಾಡುವುದು ಹೇಗೆ ಎಂಬುದು ಅವರ ಪ್ರಶ್ನೆ. ಕೆಲಸ ಹೋದರೆ ಆಕೆ ದಿವಾ ಉಪನಗರದ ಒಂದೇ ಕೋಣೆಯ ಖೋಲಿ ಬಿಟ್ಟು, ತನ್ನವರೆಂಬವರು ಯಾರೂ ಉಳಿಯದ ಊರಿಗೆ ಮರಳಬೇಕಿತ್ತು.

ಕೊನೆಗೆ ಕ್ರಾನ್ ಪಟ್ಟಿ ತೆಗೆದೆ. ಯಂತ್ರ ನಿಗದಿತ ಹೊತ್ತಿಗೆ ತಾನಾಗಿ ಮಾಡಬೇಕಾದ ಕೆಲಸಗಳು ಅದರಲ್ಲಿರುತ್ತವೆ. ನಮ್ಮವರು ಪ್ರೊಫೈಲ್ ಕೆಡಿಸಿಕೊಂಡು ಒದ್ದಾಡಬಾರದೆಂದು ಬಸವರಾಜ ಏರ್ಪಾಟು ಮಾಡಿಟ್ಟಿದ್ದ: ದಿನವೂ ಕಚೇರಿ ಮುಚ್ಚಿದ ಮೇಲೆ ಅವನ ಫೈಲು ಎಲ್ಲರ ಫೈಲಿನ ಮೇಲೆ ಕಾಪಿಯಾಗುತ್ತಿತ್ತು. ಅವನು ತೀರಿಕೊಂಡ ಮೇಲೆ ಅವನ ಲಾಗಿನ್ ಮುಚ್ಚಬೇಕೆಂದು ಯಾರಿಗೂ ಹೊಳೆಯದೆ, ಆ ಕೆಲಸ ನಡೆಯುತ್ತಲೇ ಇತ್ತು.

ಗಿರಿಜಾಬಾಯಿಗೆ ಎಲ್ಲವನ್ನೂ ವಿವರಿಸಿ, ಬಸವರಾಜನ ಮೂಲ ಫೈಲನ್ನು ತೆರೆದೆ. ಅವರು ತಡೆದರು.

"ಇಲ್ಲಿ ಅಳಸಿದ್ರ ಮತ್ತ ಬರಂಗಿಲ್ಲಲ್ರೀ?"

"ಇಲ್ಲ."

"ಹಂಗಾದ್ರ ನೀವು ಬ್ಯಾಡ. ನಾ ಅಳಸ್ತೀನಿ. ಹ್ಯಾಂಗಂತ ಹೇಳ್ರಿ."

ಕರ್ಸರನ್ನು ಆ ಸಾಲಿಗೆ ಒಯ್ದು 'ಡಿ' ಕೀಲಿಯನ್ನು ಎರಡು ಸಲ ಒತ್ತಲು ಹೇಳಿಕೊಟ್ಟೆ. ಒತ್ತಿದರು. ಸಾಲು ಹೋಯಿತು. ಸೆರಗಿನಿಂದ ಪರದೆ ಒರೆಸಿ, ಸೇವ್ ಮಾಡುವುದು ಹೇಗೆಂದು ಕೇಳಿದರು. ಅದನ್ನೂ ಹೇಳಿಕೊಟ್ಟೆ.

ಮರುದಿನ ಬೆಳಿಗ್ಗೆ ಎಲ್ಲರ ಪರದೆಯ ಮೇಲೂ ಮುಂದಿನ ಆಜ್ಞೆಗೆ ಕಾಯುವ ಯಂತ್ರದ ಬರೀ ಡಾಲರ್ ಚಿಹ್ನೆ. ಮರಾಠಿ ಸಹೋದ್ಯೋಗಿಗಳೂ ಏನೋ ಕಳೆದುಕೊಂಡವರಂತೆ ನಿಂತೇ ಇದ್ದರು. ಗಿರಿಜಾಬಾಯಿ ಮಾತ್ರ ಕೂತು ಕೆಲಸ ಶುರುಮಾಡಿದರು. ಸತ್ತವರ ಫೈಲನ್ನು ಅಳಿಸುವ ಅಧಿಕಾರ ನನಗಿತ್ತು. ಹಕ್ಕು ಯಾರದೆಂದು ಮೊದಲು ಕೇಳಬೇಕೆನ್ನುವುದನ್ನು ಆಕೆ ಕಲಿಸಿದರು.