ಕಾರ್ಪ್ ಮೀನಿಗೆ ಒಂದೇ ಏಟು

ಹಿಡಿದ ಮೀನನ್ನ ಕಣ್ಣಿಗೊತ್ತಿಕೊಂಡು ವಾಪಸ್ ನೀರಿಗೆ ಬಿಡೋದು ನನ್ನ ಪದ್ಧತಿ. ದೇವಸ್ಥಾನದ ಹೊಳೇಲಿ ಮೀನಿಗೆ ಪುರಿ ಹಾಕಿ ಕೈಮುಗಿದು ಬೆಳೆದವನು ನಾನು. ಆಸ್ಟ್ರೇಲಿಯಾದ ಅಡಿಲೇಡ್‌ಗೆ ಬಂದು ಗಾಳ ಹಾಕೋದು ಕಲಿತೆ, ಕೊಲ್ಲೋದು ಕಲೀಲಿಲ್ಲ.

ಆ ಭಾನುವಾರ ಮಾಸನ್ ಲೇಕ್ಸ್ ಬಡಾವಣೆಯ ನನ್ನ ಮನೆಯಿಂದ ಒಂದು ಗಂಟೆ ಉತ್ತರಕ್ಕಿರೋ ಕೆರೇಲಿ ಮೊಳದುದ್ದದ ಕಾರ್ಪ್ ಸಿಕ್ತು. ಬಿಡೋಕೆ ಬಗ್ಗಿದೆ.

"ಬಿಡಬೇಡ!" ಅಂತ ಪಕ್ಕದಲ್ಲಿ ಗಾಳ ಹಿಡಿದು ಕೂತಿದ್ದ ಮುದುಕ ಕೂಗಿದ. "ಅದು ಕೆರೆ ಹಾಳು ಮಾಡೋ ಮೀನು. ಜೀವಂತ ಬಿಟ್ರೆ ಇಲ್ಲಿ ಅಪರಾಧ, ಕೊಲ್ಲಲೇಬೇಕು."

ತನ್ನ ಮರದ ಕೊಡತಿಯನ್ನ ನನ್ನ ಕೈಗಿಟ್ಟ. "ತಲೆ ಮೇಲೆ ಒಂದೇ ಏಟು. ಅದಕ್ಕೇನೂ ಗೊತ್ತಾಗಲ್ಲ."

ನಾನು ಅರಿವಳಿಕೆ ಕೊಡೋ ಡಾಕ್ಟರ್. ಇದೇ ಮಾತನ್ನ ದಿನಾ ಹೇಳ್ತೀನಿ, ಜನ ನಂಬಿ ಕಣ್ಣು ಮುಚ್ತಾರೆ. ನಾನೂ ನಂಬಿ, ಕಣ್ಣು ಮುಚ್ಚಿಕೊಂಡೇ ಹೊಡೆದೆ. ಏಟು ಕಿವಿರಿಗೆ ಬಿತ್ತು. ಎರಡನೇದು ಕಲ್ಲಿಗೆ. ಮೀನು ಬಾಯಿ ತೆಗೆದು ಮುಚ್ಚಿ ಒದ್ದಾಡ್ತಾನೇ ಇತ್ತು. ಐದನೇ ಏಟಿಗೆ ಸತ್ತಿತು.

ಮುದುಕ ಕೊಡತಿಯ ರಕ್ತ ತೊಳೀತಾ, ಮಾತು ಬದಲಿಸೋ ಹಾಗೆ, "ಏನು ಕೆಲಸ ನಿಂದು?" ಅಂದ.

"ಡಾಕ್ಟರ್. ಆಪರೇಷನ್‌ಗೆ ಮುಂಚೆ ಪ್ರಜ್ಞೆ ತಪ್ಪಿಸೋದು."

ಅವನ ಕೈ ಅಲ್ಲೇ ನಿಂತಿತು. "ಗುರುವಾರ ನನ್ನ ಹೆಂಡ್ತಿಗೆ ಆಪರೇಷನ್ ಇದೆ. ನಿಂದು ಯಾವ ಆಸ್ಪತ್ರೆ?"

"ಪರ್ತ್‌ನಲ್ಲಿ," ಅಂದ್ಬಿಟ್ಟೆ. ದೇಶದ ಆ ತುದಿ.

ಅವನು ಸಮಾಧಾನದ ಉಸಿರು ಬಿಟ್ಟ. ನಾನು ಹೇಳಿದ್ದು ಸುಳ್ಳು, ಆದ್ರೆ ಆ ದಿನ ನೋವಿಲ್ಲದ ಹಾಗೆ ಮಾಡಿದ ಕೆಲಸ ಅದೊಂದೇ.