ಅತ್ತಿಗೆಯ ಇರ್ಲಿ, ನನ್ನ ಬೇಡ

ನಮ್ಮ ಅತ್ತಿಗೆಯ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತು ಒಂದೇ: ‘ಇರ್ಲಿ.’ ಕಾಲು ಮುರಿದ ಕುರ್ಚಿಯನ್ನು ಹೊರಗೆ ಹಾಕಲು ಹೊರಟರೆ ‘ಇರ್ಲಿ’. ಹಿಡಿ ಕಿತ್ತುಹೋದ ಬಾಣಲೆಗೂ ‘ಇರ್ಲಿ’. ಪಕ್ಕದ ಮನೆಯವರು ಹಳೆಯ ಏಣಿ ಬಿಸಾಡುತ್ತಿದ್ದರೆ ಕಾಂಪೌಂಡಿನ ಮೇಲಿಂದ ಕೈ ಚಾಚಿ, ‘ಬಿಸಾಕ್ತಿದ್ದೀರಾ? ಇರ್ಲಿ, ಈ ಕಡೆ ಕೊಡಿ’ ಎನ್ನುತ್ತಾರೆ. ಬೀದಿಯವರು ಅವರನ್ನು ಕರೆಯುವುದೇ ‘ಇರ್ಲಿ ಅಕ್ಕ’ ಎಂದು. ಅದಕ್ಕೆ ಅವರಿಗೆ ಬೇಸರವೂ ಇಲ್ಲ. ಆ ಹೆಸರೂ ಇರ್ಲಿ ಅಂತೆ!

ಹಾಗಂತ ನಮ್ಮ ಮನೆ ಗುಜರಿ ಅಂಗಡಿಯ ಹಾಗಿದೆ ಎಂದುಕೊಂಡೀರಿ ಜೋಕೆ. ಬಂದವರು ಬಾಗಿಲಲ್ಲೇ ನಿಂತು ‘ಅಬ್ಬಾ!’ ಎನ್ನುತ್ತಾರೆ. ಆ ಏಣಿ ಈಗ ಬಚ್ಚಲ ಮುಂದೆ ಗೋಡೆಗೊರಗಿದೆ, ಮೆಟ್ಟಿಲಿಗೊಂದರಂತೆ ಟವೆಲು ಹೊತ್ತುಕೊಂಡು. ಬಾಣಲೆಯ ಒಳಗೆ ಒಂದು ಬಳ್ಳಿ ಬೆಳೆದು ಕಿಟಕಿಯಿಂದ ಇಳಿಬಿದ್ದಿದೆ. ಊಟದ ಮೇಜು ಎಂದರೆ ಹಳೆಯ ಹೊಲಿಗೆ ಯಂತ್ರದ ಕಬ್ಬಿಣದ ಕಾಲು, ಅದರ ಮೇಲೆ ಯಾರದೋ ಮನೆಯ ಬಾಗಿಲು. ಬಾಗಿಲಿನ ಚಿಲಕವನ್ನೂ ಕಿತ್ತಿಲ್ಲ. ಊಟಕ್ಕೆ ಕೂತಾಗ ಅಣ್ಣ ಅದನ್ನು ಟಕಟಕ ಬಡಿದು ‘ಯಾರಾದ್ರೂ ಇದ್ದೀರಾ, ಹಸಿವಾಗ್ತಿದೆ’ ಎಂದು ಕೂಗುತ್ತಾನೆ. ಹದಿನೈದು ವರ್ಷದಿಂದ ಅದೇ ಜೋಕು. ಅತ್ತಿಗೆ ಅದಕ್ಕೂ ನಗುತ್ತಾರೆ.

ಅತ್ತಿಗೆಗೆ ಕರ್ಟನ್ ಅಂಗಡಿಯಲ್ಲಿ ಹೊಲಿಗೆ ಕೆಲಸ. ಅಲ್ಲಿ ಉಳಿದ ತುಂಡುಬಟ್ಟೆ ಚೀಲದಲ್ಲಿ ಮನೆಗೆ ಬರುತ್ತದೆ, ದಿಂಬಾಗಿ, ಕಾಲೊರಸಾಗಿ, ಸೋಫಾದ ಹೊದಿಕೆಯಾಗಿ ಕೂರುತ್ತದೆ. ಬಣ್ಣದ ವಿಷಯದಲ್ಲಿ ಮಾತ್ರ ಅವರು ಭಾರೀ ಹಟಮಾರಿ. ಒಂದು ಕೋಣೆಗೆ ಮೂರೇ ಬಣ್ಣ, ನಾಲ್ಕನೆಯದು ಬಂದರೆ ಜಗಳ. ‘ಹಳೇದು ಅಂತ ಗೊತ್ತಾಗ್ಬೇಕು, ಪಾಪ ಅಂತ ಅನ್ನಿಸ್ಬಾರ್ದು. ಅಷ್ಟೇ ಗುಟ್ಟು’ ಎನ್ನುತ್ತಾರೆ. ಪೇಟೆಯ ಬಣ್ಣದ ವಾಸನೆ ಅವರಿಗಾಗದು. ಗೋಡೆಗೆ ಸುಣ್ಣದ ಜೊತೆ ಕೆಮ್ಮಣ್ಣು ಕಲಸಿ ಬಳಿಯುತ್ತಾರೆ, ಮರಕ್ಕೆ ಅಗಸೆ ಎಣ್ಣೆ ತಿಕ್ಕುತ್ತಾರೆ.

ಇನ್ನು ನಾನು. ಶಾಲೆಯಲ್ಲಿ ಭಾಷೆಯ ಟೀಚರು, ಮಕ್ಕಳ ವ್ಯಾಕರಣ ತಿದ್ದಿ ತಿದ್ದಿ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು. ಹನ್ನೊಂದು ವರ್ಷದ ಹಿಂದೆ ಮದುವೆ ಮುರಿದುಕೊಂಡು, ಪುಸ್ತಕ ತುಂಬಿದ ನಾಲ್ಕು ರಟ್ಟಿನ ಡಬ್ಬಗಳ ಜೊತೆ ಈ ಮನೆಗೆ ಬಂದೆ. ‘ಎರಡು ವಾರ ಇರ್ತೀನಿ ಅಣ್ಣ, ಅಷ್ಟರಲ್ಲಿ ಮನೆ ನೋಡ್ಕೋತೀನಿ’ ಎಂದಿದ್ದೆ. ಆ ಸಂಜೆ ಅಡುಗೆಮನೆಯಲ್ಲಿ ಅಣ್ಣ ‘ಎಷ್ಟು ದಿನ ಇರ್ತಾಳೋ ಏನೋ’ ಎಂದದ್ದು ಕೇಳಿಸಿತು. ಅತ್ತಿಗೆ ಹೇಳಿದ್ದು ಅದೇ ಮಾತು: ‘ಇರ್ಲಿ ಬಿಡಿ.’

ನಿಜ ಹೇಳುತ್ತೇನೆ, ಆ ಮಾತು ನನಗೆ ಚುಚ್ಚಿತು. ಅದೇ ಬೆಳಿಗ್ಗೆ ಒಂದು ಒಡಕು ಹೂಜಿಗೂ ಅವರು ಅದೇ ದನಿಯಲ್ಲಿ ‘ಇರ್ಲಿ’ ಎಂದಿದ್ದರು. ನಾನೂ ಆ ಲೆಕ್ಕದಲ್ಲೇ ಸೇರಿದವಳು ಎಂದುಕೊಂಡೆ. ಡಬ್ಬಗಳ ಹುರಿ ಬಿಚ್ಚಲಿಲ್ಲ. ಮಂಚದ ಕೆಳಗೆ ತಳ್ಳಿದೆ. ಯಾವುದಾದರೂ ಪುಸ್ತಕ ಬೇಕೆನಿಸಿದರೆ ಗ್ರಂಥಾಲಯದಿಂದ ತರುತ್ತಿದ್ದೆನೇ ಹೊರತು ಡಬ್ಬ ಮುಟ್ಟುತ್ತಿರಲಿಲ್ಲ. ನಾಳೆ ಹೊರಡುವವಳಿಗೆ ಇವತ್ತು ಬಿಚ್ಚುವ ರಗಳೆ ಯಾಕೆ?

ಹೀಗಿರುವಾಗ ಈ ವರ್ಷ ಹಳೆಯ ಅಂಚೆ ಕಚೇರಿಯ ಕಟ್ಟಡ ಕೆಡವಿದರು. ಅತ್ತಿಗೆ ಅಲ್ಲಿಂದ ಒಂದು ಕಪಾಟು ಹೊರಿಸಿಕೊಂಡು ಬಂದರು. ಕಾಗದಗಳನ್ನು ಬೀದಿವಾರು ಬೇರೆ ಮಾಡಿ ಇಡುವ ಕಪಾಟು. ಐದು ಸಾಲು, ಸಾಲಿಗೆ ಎಂಟು ಗೂಡು, ಹೆಚ್ಚುಕಡಿಮೆ ನನ್ನಷ್ಟೇ ಎತ್ತರ. ಮೈಮೇಲೆ ಪಾಚಿಬಣ್ಣದ ಪೇಂಟು ನಾಲ್ಕು ಪದರ. ಅತ್ತಿಗೆ ಮೂರು ತಿಂಗಳು ರಜಾದಿನಗಳಲ್ಲೆಲ್ಲ ಹಿತ್ತಲಲ್ಲಿ ಕೂತು ಅದನ್ನು ಕೆರೆದರು. ಒಳಗಿಂದ ಜೇನಿನ ಬಣ್ಣದ ಮರ ಬಂತು. ಗೂಡುಗಳ ಅಂಚಿನಲ್ಲಿ ಪೆನ್ಸಿಲಿನ ಅಕ್ಷರವೂ ಬಂತು: ‘ಬಾವಿ ಬೀದಿ’, ‘ಗಡಿಯಾರದ ಸಂದಿ’, ‘ಮಿಲ್ಲಿನ ಹಿಂದೆ’. ಒಂದು ಗೂಡಿನಲ್ಲಿ ‘ವಿಳಾಸ ಸಿಗದ್ದು’.

‘ಇಲ್ಲಿ ನಿನ್ನ ಕನ್ನಡಕ ಇಡು. ದಿನಾ ಹುಡುಕ್ತಿರ್ತೀಯಲ್ಲ’ ಎಂದರು ಅತ್ತಿಗೆ.

‘ಈ ಕಪಾಟು ನಡುಮನೆಗೆ ಬಂದ್ರೆ ನಾವೆಲ್ಲ ಬೀದಿಗೆ ಹೋಗ್ಬೇಕಾಗುತ್ತೆ’ ಎಂದೆ ನಾನು. ಅವರು ಕೆರೆಯುತ್ತಲೇ ಇದ್ದರು. ಅದೇ ವಾರ ಟೇಪು ಹಿಡಿದುಕೊಂಡು ನನ್ನ ಕೋಣೆಗೂ ಬಂದು ಗೋಡೆ ಅಳೆದರು. ‘ಇಲ್ಲೂ ಕೆಮ್ಮಣ್ಣು ಬಳೀತೀರಾ?’ ಎಂದು ನಾನು ಸಿಡುಕಿದೆ.

ಕಪಾಟು ಮುಗಿಯುತ್ತ ಬಂದಾಗ ಅತ್ತಿಗೆಯ ಬಾಳಿನಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಹಲ್ಲಿನ ಡಾಕ್ಟರಮ್ಮ ಒಬ್ಬರು ಹೊಸ ಕ್ಲಿನಿಕ್ಕಿಗೆ ಪರದೆ ಹೊಲಿಸಲು ಅಂಗಡಿಗೆ ಬಂದಿದ್ದರು. ಮಾತಿಗೆ ಮಾತು ಬೆಳೆದು, ಕಾಯುವ ಕೋಣೆಯನ್ನು ಪೂರ್ತಿ ಹಳೆಯ ಸಾಮಾನಿನಲ್ಲೇ ಅಲಂಕರಿಸಿ ಕೊಡುತ್ತೀರಾ ಎಂದು ಅತ್ತಿಗೆಯನ್ನು ಕೇಳಿದರಂತೆ. ‘ಭಾನುವಾರ ನಿಮ್ಮ ಮನೆ ನೋಡೋಕೆ ಬರ್ತೀನಿ. ಇಷ್ಟ ಆದ್ರೆ ಕೆಲಸ ನಿಮಗೇ.’

ಇಷ್ಟು ವರ್ಷ ಇನ್ನೊಬ್ಬರ ಅಂಗಡಿಯಲ್ಲಿ ಇನ್ನೊಬ್ಬರು ಹೇಳಿದ ಅಳತೆಗೆ ಹೊಲಿದವರಿಗೆ ‘ನಿಮಗೆ ತೋಚಿದ ಹಾಗೆ ಮಾಡಿ’ ಎಂದು ಯಾರಾದರೂ ಹೇಳಿದ್ದು ಅದೇ ಮೊದಲು. ಅತ್ತಿಗೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ‘ಆ ಕಪಾಟು ಒಂದು ನೋಡಿದ್ರೆ ಸಾಕು, ಅವರು ಒಪ್ತಾರೆ ಕಣೇ’ ಎಂದು ದಿನಕ್ಕೆರಡು ಸಲ ಹೇಳುತ್ತಿದ್ದರು.

ಭಾನುವಾರಕ್ಕೆ ಮೊದಲು ಹಿತ್ತಲು ಚೊಕ್ಕಟ ಮಾಡಬೇಕಿತ್ತು. ತಳ ತೂತಾದ ಕಬ್ಬಿಣದ ತೊಟ್ಟಿ, ಸೀಳಿದ ಪ್ಲಾಸ್ಟಿಕ್ ಕುರ್ಚಿಗಳು, ಅತ್ತಿಗೆಯೇ ಕೈಚೆಲ್ಲಿದ ಸಾಮಾನು ಅದು. ಗುಜರಿಯ ತಕ್ಕಡಿ ತಾತನಿಗೆ ಶುಕ್ರವಾರ ಬರಲು ಹೇಳಿದ್ದೆವು. ಆ ಹೊತ್ತಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಅತ್ತಿಗೆ ಕೆಲಸಕ್ಕೆ ಹೊರಡುವಾಗ, ‘ಎಣ್ಣೆ ಒಣಗ್ಲಿ ಅಂತ ಕಪಾಟು ಹಿತ್ತಲಲ್ಲೇ ಬಿಟ್ಟಿದ್ದೀನಿ. ಅದನ್ನ ತಗೋಬೇಡಿ ಅಂತ ತಾತನಿಗೆ ತಿಳಿಯೋ ಹಾಗೆ ಏನಾದ್ರೂ ಮಾಡೇ’ ಎಂದರು.

‘ಅಷ್ಟೂ ಗೊತ್ತಾಗಲ್ವಾ ನನಗೆ?’ ಎಂದೆ. ಕೈಚೀಲದಿಂದ ಸೀಮೆಸುಣ್ಣ ತೆಗೆದು, ಕಪಾಟಿನ ಪಕ್ಕದ ಹಲಗೆಯ ಮೇಲೆ ದುಂಡಗೆ ಬರೆದೆ: ‘ಬೇಡ’. ತಾತನಿಗೆ ಫೋನು ಮಾಡಿ, ‘ಗೇಟು ತೆಗೆದಿದೆ. ಒಂದರ ಮೇಲೆ ಬರ್ದಿದ್ದೀನಿ, ನೋಡ್ಕೊಂಡು ತಗೊಂಡ್ಹೋಗಿ’ ಎಂದೆ. ಶಾಲೆಗೆ ಹೋಗಿ ಎಂಟನೇ ತರಗತಿಯವರಿಗೆ ಕ್ರಿಯಾಪದ ಪಾಠ ಮಾಡಿದೆ.

ಸಂಜೆ ಬಂದು ನೋಡುತ್ತೇನೆ, ತೊಟ್ಟಿ ಇದೆ, ಕುರ್ಚಿಗಳಿವೆ. ಕಪಾಟಿಲ್ಲ.

ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ಗುಜರಿಗೆ ಓಡಿದೆ. ತಾತ ಕಪಾಟನ್ನು ನೆಲದ ಮೇಲೆ ಮಲಗಿಸಿ ಸುತ್ತಿಗೆ ಹಿಡಿದು ನಿಂತಿದ್ದ. ಪಕ್ಕದ ಹಲಗೆ ಕಳಚಿ ಬಿದ್ದಿತ್ತು, ಗೂಡಿನ ನಡುಪಟ್ಟಿಗಳಲ್ಲಿ ಮೂರು ಚೂರಾಗಿದ್ದವು.

‘ನಿಲ್ಸಿ! ನಿಲ್ಸಿ ತಾತ! ಇದನ್ಯಾಕೆ ತಂದ್ರಿ?’

‘ಇದೇನು ಟೀಚರಮ್ಮ, ನೀವೇ ಬರ್ದಿದ್ರಲ್ಲ, ಬೇಡ ಅಂತ!’

‘ತಗೋಬೇಡಿ ಅಂತ ಕಣ್ರೀ!’

‘ತಗೋ ಅನ್ನೋದು ಎಲ್ಲಿದೆ, ತೋರ್ಸಿ? ಬರೀ ಬೇಡ ಅಂತಿದೆ. ನಿಮಗೆ ಬೇಡ, ನನಗೆ ಬೇಕು, ತಂದೆ.’

‘ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯ್ತು ನಿಮ್ಮದು! ಇಷ್ಟು ಚೆಂದದ ಕಪಾಟು ಬಿಟ್ಟು ತೂತು ತೊಟ್ಟಿ ಇಟ್ಕೋತಾರಾ ಯಾರಾದ್ರೂ?’

‘ಇರ್ಲಿ ಅಕ್ಕ ಇಟ್ಕೋತಾರೆ’ ಎಂದ ತಾತ, ಗಂಭೀರವಾಗಿಯೇ. ‘ಊರಿಗೇ ಗೊತ್ತು.’

ಇಪ್ಪತ್ತು ವರ್ಷದಿಂದ ಮಕ್ಕಳ ಉತ್ತರಗಳ ಪಕ್ಕ ‘ವಾಕ್ಯ ಪೂರ್ತಿಯಾಗಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತ ಬಂದವಳು ನಾನು! ತಾತ ಒಳ್ಳೆಯವನು, ತನ್ನ ಗಾಡಿಯಲ್ಲೇ ಕಪಾಟನ್ನೂ ಹಲಗೆಯನ್ನೂ ಚೂರುಗಳನ್ನೂ ವಾಪಸು ತಂದಿಳಿಸಿದ. ತೊಟ್ಟಿ, ಕುರ್ಚಿ ಹೇರಿಕೊಂಡು ಹೋದ.

ಅತ್ತಿಗೆ ಆರು ಗಂಟೆಗೆ ಬಂದರು. ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದೆ. ಅವರು ಬಗ್ಗಿ, ಮುರಿದ ಪಟ್ಟಿಗಳನ್ನು ಒಂದೊಂದಾಗಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಹಲಗೆಯ ಮೇಲಿನ ‘ಬೇಡ’ ಓದಿದರು. ನಾನು ಕಾದೆ. ಈಗ ಹೇಳುತ್ತಾರೆ, ಇನ್ನೊಂದು ಗಳಿಗೆಗೆ ಹೇಳುತ್ತಾರೆ. ಅವರು ‘ಇರ್ಲಿ’ ಎನ್ನಲಿಲ್ಲ. ಸುಮ್ಮನೆ ಎದ್ದು ಒಳಗೆ ಹೋದರು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹನ್ನೊಂದು ವರ್ಷ ಯಾವ ಮಾತನ್ನು ಕೇಳಿ ಕೇಳಿ ಮೈ ಪರಚಿಕೊಂಡಿದ್ದೆನೋ, ಆ ಮಾತು ಬಾರದಿದ್ದಾಗ ನನಗೆ ಅಳು ಬಂತು. ಅಡುಗೆಮನೆಗೆ ನುಗ್ಗಿ ರೇಗಿದೆ, ‘ಬೈದ್ಬಿಡಿ ಅತ್ತಿಗೆ! ಭಾನುವಾರ ಅವರಿಗೆ ಏನು ತೋರಿಸ್ತೀರಿ? ಎಲ್ಲಾ ಹಾಳ್ಮಾಡಿದೆ. ನನ್ನಂಥವಳನ್ನ ಇಟ್ಕೊಂಡು ಏನು ಸುಖ ನಿಮಗೆ?’

‘ಬಾಯ್ಮುಚ್ಚು’ ಎಂದರು ಅತ್ತಿಗೆ. ಅವರ ಕಣ್ಣೂ ಕೆಂಪಾಗಿತ್ತು. ‘ಒಂದು ನಿಮಿಷ ಬೇಜಾರು ಮಾಡ್ಕೊಳ್ಳೋಕೂ ಬಿಡಲ್ವಲ್ಲ ನೀನು. ನಾಳೆ ಸ್ಕೂಲು ಎಷ್ಟೊತ್ತಿಗೆ ಬಿಡುತ್ತೆ?’

‘ಹನ್ನೊಂದೂವರೆಗೆ.’

‘ಬಂದು ಉಪ್ಪುಕಾಗದ ಹಿಡಿ. ನಾನೂ ಅರ್ಧ ದಿನ ರಜ ಹಾಕ್ತೀನಿ. ಮೂರು ಪಟ್ಟಿ ಬೇಕು, ತೆಳ್ಳಗಿರೋ ಮರ. ಎಲ್ಲಿಂದ ತರೋದೋ ನೋಡೋಣ.’

ತಂದದ್ದು ನಾನೇ. ನಮ್ಮ ಶಾಲೆಯ ಸಾಮಾನು ಕೋಣೆಯಲ್ಲಿ ಹಳೆಯ ಮರದ ಅಡಿಪಟ್ಟಿಗಳ ಕಟ್ಟೊಂದು ವರ್ಷಗಳಿಂದ ದೂಳು ತಿನ್ನುತ್ತಿತ್ತು. ಹೆಡ್ಮೇಷ್ಟ್ರನ್ನು ಕೇಳಿದರೆ, ‘ಮೊದ್ಲು ಹೊತ್ಕೊಂಡು ಹೋಗಿ, ಪುಣ್ಯ ಬರುತ್ತೆ’ ಎಂದರು. ಆರಾರು ಅಡಿಪಟ್ಟಿ ಅಂಚಿಗೆ ಅಂಚು ಸೇರಿಸಿ ಅಂಟಿಸಿದರೆ ಒಂದು ಗೂಡಿನ ನಡುಪಟ್ಟಿಗೆ ಸರಿಯಾಗಿ ಕೂತಿತು. ಅತ್ತಿಗೆ ಹೇಳಿಕೊಟ್ಟ ಹಾಗೆ ನಾನು ತಿಕ್ಕಿದೆ, ಅವರು ಅಂಟಿಸಿದರು, ಅಣ್ಣ ಹಿಡಿದುಕೊಂಡ. ಅಂಗೈ ಸುಲಿಯಿತು. ಆದರೂ ಅಷ್ಟು ಹಾಯಾದ ಮಧ್ಯಾಹ್ನವನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ.

ಕೊನೆಗೆ ಪಕ್ಕದ ಹಲಗೆ ಕೂರಿಸಿದಾಗ, ‘ಬೇಡ’ ಅಳಿಸಲು ಒದ್ದೆ ಬಟ್ಟೆ ತಂದೆ. ಅತ್ತಿಗೆ ನನ್ನ ಕೈ ಹಿಡಿದರು.

‘ಒರೆಸ್ಬೇಡ. ಅದೂ ಇರ್ಲಿ.’

ಅಪ್ಪಾ, ಆ ಮಾತು ಕೇಳಿ ಹೋದ ಜೀವ ಬಂದ ಹಾಗಾಯಿತು.

ಭಾನುವಾರ ಡಾಕ್ಟರಮ್ಮ ಬಂದರು. ಮೇಜಿನ ಚಿಲಕ ಅಲ್ಲಾಡಿಸಿ ನಕ್ಕರು, ಏಣಿ ನೋಡಿದರು, ಗೋಡೆ ಸವರಿದರು. ಕಪಾಟಿನ ಮುಂದೆ ಬಂದು ಮಾತ್ರ ಕೂತೇಬಿಟ್ಟರು. ಅಡಿಪಟ್ಟಿಯ ಅಂಕಿಗಳ ಮೇಲೆ ಬೆರಳಾಡಿಸಿ, ‘ಇದು ಯಾರ ತಲೆ?’ ಎಂದರು.

‘ನಮ್ಮ ಟೀಚರಮ್ಮಂದು’ ಎಂದರು ಅತ್ತಿಗೆ. ‘ಆ ಬೇಡ ಅನ್ನೋದೂ ಅವಳ ಕೈಬರಹವೇ’ ಎಂದು ಪೂರ್ತಿ ಕತೆ ಹೇಳಿ ನನ್ನ ಮಾನ ಕಳೆದರು. ಡಾಕ್ಟರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

‘ಕೆಲಸ ನಿಮಗೇ’ ಎಂದರು. ‘ಆದ್ರೆ ಮೊದಲು ಈ ಕಪಾಟು ಕ್ಲಿನಿಕ್ಕಿಗೆ ಬರ್ಬೇಕು. ಮಕ್ಕಳ ಆಟದ ಸಾಮಾನು ಇಡೋಕೆ. ಇದೇ ಬೇಕು.’

ಅತ್ತಿಗೆಯ ಮುಖ ಅರಳಿ, ಮರುಗಳಿಗೆಯಲ್ಲೇ ಇಳಿಯಿತು. ‘ಇದೊಂದು ಆಗಲ್ಲ ಡಾಕ್ಟ್ರೇ.’

ನಾನು ಅವರ ಸೊಂಟ ಚಿವುಟಿದೆ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡಿಕೊಳ್ಳುತ್ತಿದ್ದಾರಲ್ಲ! ‘ಕೊಟ್ಬಿಡಿ ಅತ್ತಿಗೆ’ ಎಂದು ಪಿಸುಗುಟ್ಟಿದೆ.

‘ಸುಮ್ನಿರೇ’ ಎಂದವರು ಡಾಕ್ಟರಮ್ಮನ ಕಡೆ ತಿರುಗಿದರು. ‘ಇದು ಇವಳ ಪುಸ್ತಕಕ್ಕೆ ಅಂತ ತಂದಿದ್ದು. ಇವಳ ಗೋಡೆ ಅಳತೆಗೆ ಸರಿಯಾಗಿದೆ. ಇವಳ ಪುಸ್ತಕ ಹನ್ನೊಂದು ವರ್ಷದಿಂದ ಡಬ್ಬದಲ್ಲಿವೆ, ದಿನಾ ಕಸ ಗುಡಿಸೋವಾಗ ನೋಡ್ತೀನಿ. ನನಗೆ ನೋಡೋಕಾಗಲ್ಲ. ನಿಮಗೆ ಬೇರೆ ಮಾಡಿಕೊಡ್ತೀನಿ, ಆದೀತಾ?’

ಡಾಕ್ಟರಮ್ಮ ನನ್ನ ಮುಖ ನೋಡಿದರು. ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ. ‘ಆದೀತು’ ಎಂದರು ಅವರು. ‘ಅಡಿಪಟ್ಟಿ ಮಾತ್ರ ಮರೀಬೇಡಿ.’

ಅವತ್ತೇ ಮಧ್ಯಾಹ್ನ ಕಪಾಟು ನನ್ನ ಕೋಣೆ ಸೇರಿತು. ಗೋಡೆಗೆ ಅಳೆದು ಹೊಲಿದ ಹಾಗೆ ಕೂತಿತು. ಡಬ್ಬಗಳ ಹುರಿ ಗಂಟು ಬಿದ್ದು ಕಲ್ಲಾಗಿತ್ತು, ಅತ್ತಿಗೆ ಬಟ್ಟೆ ಕತ್ತರಿಸುವ ಕತ್ತರಿ ತಂದು ಕಚಕ್ಕೆಂದು ಕತ್ತರಿಸಿದರು. ಪುಸ್ತಕಗಳು ಬಾವಿ ಬೀದಿಯಲ್ಲೂ ಮಿಲ್ಲಿನ ಹಿಂದೆಯೂ ನಿಂತವು. ‘ವಿಳಾಸ ಸಿಗದ್ದು’ ಗೂಡಿನಲ್ಲಿ ಕನ್ನಡಕ ಇಟ್ಟೆ.

ನಾಲ್ಕು ಡಬ್ಬ ಖಾಲಿಯಾದವು. ಗಟ್ಟಿಮುಟ್ಟಾದ ಡಬ್ಬಗಳು, ಒಂದು ಮೂಲೆಯೂ ಸವೆದಿಲ್ಲ. ಮಡಚಿ ಅತ್ತಿಗೆಯ ಕೈಗೆ ಕೊಡಹೋದೆ. ‘ತಗೊಳ್ಳಿ. ನೀವು ಹೇಳೋದಕ್ಕೆ ಮುಂಚೆ ನಾನೇ ಹೇಳ್ತೀನಿ, ಇರ್ಲಿ.’

ಅತ್ತಿಗೆ ಕೈ ಹಿಂದಕ್ಕೆ ಎಳೆದುಕೊಂಡರು.

‘ಅವು ಬೇಡ. ತಾತನಿಗೆ ಕೊಡು.’

‘ಇಷ್ಟು ಗಟ್ಟಿ ಇವೆಯಲ್ಲ ಅತ್ತಿಗೆ!’

‘ಎಷ್ಟೇ ಗಟ್ಟಿ ಇರ್ಲಿ, ಈ ಮನೇಲಿ ಬೇಡ’ ಎಂದರು ಅವರು. ಬಾಗಿಲ ತನಕ ಹೋದವರು ತಿರುಗಿ, ‘ಈ ಸಲ ಪೂರ್ತಿ ವಾಕ್ಯ ಬರಿಯೇ’ ಎಂದರು.

ಡಬ್ಬಗಳನ್ನು ಗೇಟಿನ ಹತ್ತಿರ ಇಟ್ಟು, ಸೀಮೆಸುಣ್ಣ ತೆಗೆದು, ಒಂದು ಪದವನ್ನೂ ನುಂಗದೆ ಬರೆದೆ: ‘ಈ ಡಬ್ಬಗಳು ನಮಗೆ ಇನ್ನು ಬೇಡ. ತೆಗೆದುಕೊಂಡು ಹೋಗಿ.’