ಡೀಸೆಲ್ ಇಂಜಿನ್ ಹಾಕಲು ನಾನು ಬಿಡಲಿಲ್ಲ

ದೊಡ್ಡವರ ಮಾತು ಕೇಳಿ ನಾನು ಕೆಟ್ಟದ್ದಕ್ಕಿಂತ ಕೇಳದೆ ಕೆಟ್ಟದ್ದು ಕಡಿಮೆ. ಹಾಗಾಗಿ ಅಪ್ಪನ ತಮ್ಮ, ನಮ್ಮ ಕಾಕಾ, ಒಂದು ದಿನ ನಮ್ಮ ದಾಲ್ ಮಿಲ್ಲಿನ ಶೆಡ್ಡಿಗೆ ಬಂದು, "ಈ ಕಾರಿನ ಇಂಜಿನ್ ತಗಸಿ ಡೀಸೆಲ್ ಹಾಕಸ್ತೇನಿ" ಎಂದಾಗ ಕಾರಿಗೆ ಬೆನ್ನು ಕೊಟ್ಟು ಅಡ್ಡ ನಿಂತುಬಿಟ್ಟೆ.

ಅದು ಅಪ್ಪನ ಕಾರು. ಎಪ್ಪತ್ತರ ದಶಕದಲ್ಲಿ ಹೈದರಾಬಾದಿನಲ್ಲಿ ಯಾರೋ ವಿದೇಶಿ ಸಾಹೇಬ ಬಿಟ್ಟುಹೋದದ್ದನ್ನು ಹರಾಜಿನಲ್ಲಿ ಹಿಡಿದು ಆಳಂದಕ್ಕೆ ತಂದಿದ್ದ. ಅಮೇರಿಕದ್ದು. ಎರಡೇ ಬಾಗಿಲು, ಎಡಕ್ಕೆ ಸ್ಟೇರಿಂಗು, ಉದ್ದ ಮೂತಿಯೊಳಗೆ ಎಂಟು ಸಿಲಿಂಡರಿನ ಪೆಟ್ರೋಲ್ ಇಂಜಿನ್. ತೊಗರಿ ವ್ಯಾಪಾರಿಗೆ ಇದೆಲ್ಲ ಯಾಕೆ ಬೇಕೆಂದು ಅವ್ವ ಕೇಳಿ ಕೇಳಿ ಸುಸ್ತಾದಳು. ಅಪ್ಪನ ಉತ್ತರ ಒಂದೇ, ಕಾರು ಸ್ಟಾರ್ಟ್ ಮಾಡುತ್ತಿದ್ದ. ಆ ಗುಡುಗಿಗೆ ಬಸ್ ಸ್ಟ್ಯಾಂಡಿನ ಜನ ತಿರುಗಿ ನೋಡುತ್ತಿದ್ದರು. ನನಗೆ ಹದಿನೆಂಟು ತುಂಬಿದಾಗ ಅದರಲ್ಲೇ ಓಡಿಸಲು ಕಲಿಸಿ ಲೈಸೆನ್ಸ್ ಮಾಡಿಸಿಕೊಟ್ಟ. ಅವನು ತೀರಿಕೊಂಡ ಮೇಲೆ ಕಾರು ಆರು ವರ್ಷ ಗೋಣಿತಟ್ಟಿನಡಿ ಮಲಗಿತು. ಇಲಿಗಳು ವೈರು ಕಡಿದವು, ಕಾರಿನ ಜೊತೆಗೆ ಬಂದಿದ್ದ ಇಂಗ್ಲಿಷ್ ಕೈಪಿಡಿ ಗೆದ್ದಲಿನ ಪಾಲಾಯಿತು.

ಆ ಕಾಲಕ್ಕೆ ನಮ್ಮ ಕಡೆ ಉಳಿದಿದ್ದ ಅಮೇರಿಕದ ಕಾರುಗಳ ಗತಿಯೆಲ್ಲ ಒಂದೇ: ಮೈ ಅದರದು, ಇಂಜಿನ್ ಯಾವುದೋ ಜೀಪಿನದು. ನೋಡಲು ಹುಲಿ, ಸದ್ದು ಹಿಟ್ಟಿನ ಗಿರಣಿಯದು. ಎಣ್ಣೆ ಖರ್ಚು ಉಳಿಯುತ್ತದೆ, ನಿಜ. ಮದುವೆಗಳಿಗೆ ಬಾಡಿಗೆ ಬಿಡುವ ಆಸೆಯಿಂದ ಕಾಕಾ ಗೊಬ್ಬೂರದ ಬೀಗರ ಮನೆಯಿಂದ ಹಳೇ ಡೀಸೆಲ್ ಇಂಜಿನ್ ತರಿಸಿ ಶೆಡ್ಡಿನ ಬಾಗಿಲಲ್ಲಿ ಇಳಿಸಿಯೂ ಆಗಿತ್ತು.

"ಇದರ ಇಂಜಿನ್ ಇದರಾಗೇ ಇರ್ತದ್ರಿ ಕಾಕಾ," ಎಂದೆ. "ನಾ ನಡಸಿ ತೋರಸ್ತೇನಿ."

"ಚಿತ್ರಾ ತಗಿಯಾಕಿ ನೀ. ಇಂಜಿನ್ ಬಿಚ್ಚತೀ ಏನಬೇ?" ಎಂದು ಕಾಕಾ ನಕ್ಕರು.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆಯ ಟೀಚರು. ನಗುವವರನ್ನು ಕಂಡರೆ ನನ್ನ ಹಟ ಇಮ್ಮಡಿಯಾಗುತ್ತದೆ. ಜಗಳ ಬೆಳೆದು ಕೊನೆಗೆ ಕಾಕಾ ಒಂದು ಕರಾರು ಹಾಕಿದರು. ಬಸವ ಜಯಂತಿಯೊಳಗೆ ಕಾರು ಅದರದೇ ಇಂಜಿನ್ ಮೇಲೆ, ಯಾರೂ ತಳ್ಳದೆ, ಗುಲಬರ್ಗಾ ದಾರಿಯ ಕಡಗಂಚಿಗೆ ಹೋಗಿ ತಿರುಗಿ ಬರಬೇಕು. ಬಂದರೆ ಕಾರು ನನ್ನದು. ಇಲ್ಲವಾದರೆ ಡೀಸೆಲ್.

ಜೇವರ್ಗಿಯಿಂದ ಬಂದು ಆಳಂದದಲ್ಲಿ ಗ್ಯಾರೇಜು ಇಟ್ಟಿದ್ದ ಮೆಕ್ಯಾನಿಕ್ ಒಬ್ಬರಿದ್ದರು. ಲಾರಿ ಇಂಜಿನ್ನುಗಳ ನಡುವೆಯೇ ಗಡ್ಡ ಬೆಳ್ಳಗಾದವರು. ಊರಿಗೆಲ್ಲ ಉಸ್ತಾದ್, ನನಗೆ ಚಾಚಾ. ಎಂಟು ಸಿಲಿಂಡರಿನದನ್ನು ಅವರೂ ಬಿಚ್ಚಿರಲಿಲ್ಲ.

"ಬಿಚ್ಚೋದು ದೊಡ್ಡದಲ್ರಿ ಅಕ್ಕೋರ. ಮತ್ತ ಜೋಡಸೋ ಹೊತ್ತಿಗಿ ಯಾದ್ ಇರಬೇಕಲ್ಲ?" ಎಂದರು.

ನೆನಪಿನ ಕೆಲಸ ನನಗಿರಲಿ ಎಂದೆ. ಒಂದು ನಟ್ ಸಡಿಲಿಸುವ ಮೊದಲು ನಾನು ಅದರ ಚಿತ್ರ ಬರೆಯಬೇಕು, ನಂಬರು ಹಾಕಬೇಕು, ಆಮೇಲಷ್ಟೇ ಅವರು ಪಾನಾ ಹಚ್ಚಬೇಕು. ಶಾಲೆ ಬಿಟ್ಟೊಡನೆ ಶೆಡ್ಡಿಗೆ ಓಡುತ್ತಿದ್ದೆ. ತುಕ್ಕಿಗೆ ಕಚ್ಚಿಕೊಂಡಿದ್ದ ಪಿಸ್ಟನ್‌ಗಳು ಸಡಿಲವಾಗಲೆಂದು ಎಂಟು ದಿನ ಸೀಮೆಎಣ್ಣೆ ಕುಡಿಸಿದೆವು. ಬಾಗಿಲಿನ ರಬ್ಬರಿನಡಿ ಬಿಸಿಲು ಕಾಣದ ಮೂಲ ಬಣ್ಣ ಸಿಕ್ಕಿತು, ಎಳೇ ಕಡಲೆ ಗಿಡದ ಹಸಿರು. ಅದನ್ನು ನೋಡಿ ನಾನೇ ಬಣ್ಣ ಕಲಸಿದೆ. ಓಣಿಯ ಹೆಂಗಸರು ಬಂದು, "ಲಗ್ನದ ವಯಸ್ಸಿನಾಗ ಕೈಗಿ ಗ್ರೀಸ್ ಹಚ್ಕೊಂಡ್ರ ವರ ಸಿಗ್ತಾನೇನಬೇ?" ಎಂದರು. ಗ್ರೀಸಿಗೆ ಹೆದರುವ ವರ ನನಗೂ ಬೇಡ ಎಂದು ಕಳಿಸಿದೆ.

ಜಯಂತಿಯ ಹಿಂದಿನ ದಿನ ಬೆಳಿಗ್ಗೆ ಕಾಕಾ ನಾಲ್ಕು ಜನ ಹಿರಿಯರನ್ನು ಕರೆತಂದು ಶೆಡ್ಡಿನ ಮುಂದೆ ಕುರ್ಚಿ ಹಾಕಿಸಿದರು. ನಾನು ಕೀಲಿ ತಿರುಗಿಸಿದೆ. ಢಮ್ಮೆಂದು ಸದ್ದಾಯಿತು, ಮೂತಿಯಿಂದ ಹೊಗೆ ಬಂತು. ಇನ್ನೊಮ್ಮೆ. ಮತ್ತೊಮ್ಮೆ. ಹಿರಿಯರೊಬ್ಬರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು.

"ಮುಗೀತಲ್ಲ," ಎಂದರು ಕಾಕಾ. "ಉಸ್ತಾದ, ಡೀಸೆಲ್ ಎತ್ತಸ್ರಿ."

ನನ್ನ ತಲೆ ಕೆಟ್ಟಿತು. ಎಂಟು ಪ್ಲಗ್ಗಿಗೆ ಎಂಟು ವೈರು. ಅದಲುಬದಲಾದರೆ ಕಿಡಿ ಅವೇಳೆಗೆ ಹಾರುತ್ತದೆಂದು ಚಾಚಾನೇ ಹೇಳಿಕೊಟ್ಟಿದ್ದರು. ಎಲ್ಲರ ಎದುರಿಗೇ ಅವರ ಮೇಲೆ ಹರಿಹಾಯ್ದೆ. "ವೈರ್ ತಪ್ಪು ಹಾಕೀರಿ ಚಾಚಾ! ನಾ ತಗದ ಚಿತ್ರಾ ನೋಡಾಕೂ ಬರಂಗಿಲ್ಲೇನು ನಿಮಗ?"

ಚಾಚಾ ಕೈ ಒರೆಸಿಕೊಂಡು ಆ ಹಾಳೆ ತಂದು ಕಾರಿನ ಮೇಲೆ ಹರವಿದರು. "ಇದರಾಗ ಗಾಡಿ ಮೂತಿ ಯಾವ ಕಡಿ ಅದ್ರಿ ಅಕ್ಕೋರ?"

ನೋಡಿದೆ. ಹಾಳೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ನಾನು ಮೂತಿಯ ಮುಂದೆ ನಿಂತು ಚಿತ್ರ ಬರೆದಿದ್ದೆ, ಚಾಚಾ ಸ್ಟೇರಿಂಗ್ ಮುಂದೆ ಕೂತವರಂತೆ ಓದಿಕೊಂಡಿದ್ದರು. ನನ್ನ ಹಾಳೆಯ ಕೆಳಗಿನ ತುದಿ ಮೂತಿ, ಅವರಿಗೆ ಮೇಲಿನ ತುದಿ ಮೂತಿ. ಎಂಟೂ ವೈರು ಉಲ್ಟಾ ಆಗಿದ್ದವು.

ಸುಮ್ಮನೆ ಹಾಳೆ ತಿರುಗಿಸಿ ಕೊಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ತಪ್ಪು ಉಸ್ತಾದನದೆಂದೇ ಊರು ನಂಬುತ್ತಿತ್ತು. ಆದರೆ ನಾನು ಹಟಮಾರಿ, ಕಳ್ಳಿಯಲ್ಲ. ಬೈದಷ್ಟೇ ಗಟ್ಟಿಯಾಗಿ, ಅದೇ ಜನರ ಮುಂದೆ, "ತಪ್ಪು ನಂದದ ಚಾಚಾ. ಬೈದದ್ದೂ ತಪ್ಪು. ಮಾಫ್ ಮಾಡ್ರಿ," ಎಂದೆ.

"ತಪ್ಪು ಒಪ್ಕೊಂಡ್ಯಲ್ಲ, ಇನ್ನ ಡೀಸೆಲ್ ಕೂಡಸೂಣು," ಎಂದರು ಕಾಕಾ.

"ಜಯಂತಿ ನಾಳಿಗದ್ರಿ ಕಾಕಾ. ಕುಂಡ್ರಿ."

ಹಾಳೆ ತಿರುಗಿಸಿದೆವು. ನಾನು ಓದಿದೆ, ಚಾಚಾ ಒಂದೊಂದೇ ವೈರು ಕಿತ್ತು ಹಾಕಿದರು. ಈ ಸಲ ಕೀಲಿ ತಿರುಗಿಸಿದ ಕೂಡಲೇ ಅಪ್ಪನ ಗುಡುಗು ಎದ್ದಿತು. ಶೆಡ್ಡಿನ ತಗಡು ನಡುಗಿತು. ಹೌದು, ಅತ್ತುಬಿಟ್ಟೆ. ಅಳುತ್ತಲೇ ಗೇರ್ ಹಾಕಿದೆ.

ಕರಾರು ನೋಡಿಕೊಳ್ಳಲು ಕಾಕಾ ತಾವೂ ಬರುವೆನೆಂದು ಮುಂದಿನ ಸೀಟಿಗೆ ಕೈ ಹಾಕಿದರು. ನಾನು ಆ ಸೀಟು ಬಗ್ಗಿಸಿ ಹಿಂದೆ ಹೋಗಲು ದಾರಿ ಮಾಡಿದೆ. "ನೀವು ಹಿಂದ ಕುಂಡ್ರಿ. ಮುಂದ ಚಾಚಾ ಕೂಡ್ತಾರ." ಹಿರಿಯರು ಮುಖ ಮುಖ ನೋಡಿಕೊಂಡರು. ಕಾಕಾ ಧೋತರ ಎತ್ತಿಕೊಂಡು, ಆ ಇಕ್ಕಟ್ಟಿನಲ್ಲಿ ಗೊಣಗುತ್ತ ನುಸುಳಿದರು.

ಕಡಗಂಚಿ ಬಂತು. ಇಂಜಿನ್ ಒಮ್ಮೆಯೂ ಕೆಮ್ಮಿರಲಿಲ್ಲ.

"ಗೆದ್ದೀ, ಆತು. ತಿರಗಸ್ ಬೇ!" ಎಂದು ಕಾಕಾ ಹಿಂದಿನಿಂದ ಕೂಗಿದರು.

ಚಾಚಾ ನನ್ನ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಕೆಳತುದಿಗೆ ಪೆನ್ಸಿಲ್ಲಿನಿಂದ ದೊಡ್ಡದೊಂದು ಬಾಣ ಎಳೆಯುತ್ತಿದ್ದರು. "ಮೂತಿ ಈ ಕಡಿ ಅದ್ರಿ ಅಕ್ಕೋರ," ಎಂದು ಎದುರಿನ ಗುಲಬರ್ಗಾ ರಸ್ತೆಗೆ ಕೈ ತೋರಿಸಿದರು.

ಕಾರು ಈಗ ನನ್ನದಾಗಲಿತ್ತು, ಪೆಟ್ರೋಲಂತೂ ಮೊದಲಿನಿಂದಲೂ ನನ್ನ ಪಗಾರದ್ದು. ನಾನು ತಿರುಗಿಸಲಿಲ್ಲ.